ಊಟದ ಜೊತೆ ಜಗಳ ಯಾಕೆ? ಡಯೆಟಿಷಿಯನ್ ಮೇಡಂಗೆ ಕೇಳಿ

ತುಮಕೂರು: ಮೇಡಂ, ತೂಕ ಇಳಿಸೋಕೆ ಅನ್ನ ಪೂರ್ತಿ ಬಿಡಬೇಕಾ?

ಮೇಡಂ: ಬೇಡ. ಅನ್ನ ಸ್ವಲ್ಪ ಕಡಿಮೆ ಬಡಿಸಿಕೊಳ್ಳಿ, ಪಲ್ಯ, ಬೇಳೆ, ಕಾಳು ಹೆಚ್ಚಿರಲಿ.

ದಾವಣಗೆರೆ (ಹೆಸರು ಬೇಡ): ಮಗಳಿಗೆ 17, ಪಿಯುಸಿ. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಕ್ಕುಲಿ, ಬಿಸ್ಕತ್ತು ಎಲ್ಲ ಖಾಲಿ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡ್ತಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಅವರಪ್ಪ 'ಕದ್ದು ತಿಂತಾಳೆ' ಅಂತ ಬೈತಾರೆ.

ಮೇಡಂ: ಅಮ್ಮಾ, ಮೊದಲು ಬೈಯೋದು ನಿಲ್ಲಲಿ. ಇದು ಕಳ್ಳತನವೂ ಅಲ್ಲ, ಹಟವೂ ಅಲ್ಲ, ಕಾಯಿಲೆ. ಹಗಲೆಲ್ಲ ಹಸಿದ ಮೈ ರಾತ್ರಿ ಸಾಲ ವಸೂಲಿಗೆ ಬರುತ್ತೆ. ತಿಂದ ಮೇಲೆ ನಾಚಿಕೆ, ವಾಂತಿ, ಮರುದಿನ ಮತ್ತೆ ಉಪವಾಸ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲಲಿಲ್ಲ.

ನನಗೆ ಹೆಚ್ಚು ಭಯ ವಾಂತಿಯದು. ಅದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋ ಲವಣಾಂಶ ಇಳಿದರೆ ಎದೆಬಡಿತ ತಪ್ಪುತ್ತೆ. ನಾಳೆಯೇ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ, ಇಸಿಜಿ ಆಗಲಿ. ಆಮೇಲೆ ಮನೋವೈದ್ಯರು. ತಲೆಸುತ್ತಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಕಾಯಬೇಡಿ, ನೇರ ಆಸ್ಪತ್ರೆಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ. ತಟ್ಟೆ ಮುಂದೆ ತೂಕದ ಮಾತು ಬೇಡ. ವಾಂತಿಯಾದ ಕೂಡಲೇ ಹಲ್ಲುಜ್ಜುವುದೂ ಬೇಡ, ಬಾಯಿ ಮುಕ್ಕಳಿಸಲಿ.

ಮೈಸೂರು: ಅಕ್ಕಾ, ಖಾಲಿ ಹೊಟ್ಟೆಗೆ 21 ದಿನ ಜೀರಿಗೆ ನೀರು ಕೊಡಿ. ಫಾರ್ವರ್ಡ್ ಬಂದಿತ್ತು.

ಮೇಡಂ: ಕೊಡಬೇಡಿ. ಹಸಿವು ಮುಚ್ಚಿಡಲು ನೀರು ಕುಡಿಯೋದು ಈ ಕಾಯಿಲೆಯವರ ಅಭ್ಯಾಸವೇ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹುಬ್ಬಳ್ಳಿ: ಥೈರಾಯ್ಡ್ ಇದ್ದವರು ಎಲೆಕೋಸು ತಿನ್ನಬಹುದಾ ಮೇಡಂ?

ಮಂಡ್ಯ: ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮುದ್ದೆ ಉಂಡು ಗಟ್ಟಿಯಾಗಿದ್ದೋ.

ಶಿವಮೊಗ್ಗ: ಇತ್ತು ಸಾರ್, ಯಾರೂ ಬಾಯಿ ಬಿಡ್ತಿರಲಿಲ್ಲ.

ಮಂಡ್ಯ: ನಿಮಗೇನು ಗೊತ್ತು? ಮುದ್ದೆ ತಿಂದೋರಿಗೆ ಶುಗರ್ ಬರಲ್ಲ.

ಶಿವಮೊಗ್ಗ: ನಮ್ಮಪ್ಪ ಮುದ್ದೆ ಉಂಡೇ ಇನ್ಸುಲಿನ್ ತಗೋತಿದ್ದಾರೆ. ಸುಮ್ನೆ ಏನೇನೋ ಹೇಳಬೇಡಿ.

ಮೇಡಂ: ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟ್. ಸಾಕು, ನಿಲ್ಲಿಸಿ.

ಬೆಂಗಳೂರು: ಮೇಡಂ, ಅನ್ನ ಬಿಡಬೇಕಾ?

ಮೇಡಂ: ಮೇಲೆ ಓದಿ.

ದಾವಣಗೆರೆ: ಡಾಕ್ಟರ ಹತ್ರ ಬರಲ್ಲ ಅಂದ್ರೆ ಏನು ಮಾಡಲಿ?

ಮೇಡಂ: 'ಮುಟ್ಟು ನಿಂತಿದೆ, ತೋರಿಸೋಣ' ಅನ್ನಿ. ಅದು ನಿಜವೇ. ವಾಂತಿಯ ವಿಷಯ ಮೊದಲೇ ಡಾಕ್ಟರಿಗೆ ನೀವು ಹೇಳಿಡಿ. ಅವರಪ್ಪನನ್ನೂ ಕರ್ಕೊಂಡು ಹೋಗಿ.

ಮಂಡ್ಯ: ರಾಗಿ ಬಗ್ಗೆ ಹಾಗೆ ಹೇಳಿದ್ದು ಸರಿಯಿಲ್ಲ ಮೇಡಂ.