ವಿಲೀನ: ಯಾವುದು ಯಾವುದರಲ್ಲಿ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು. ಹೊಸ ಪದವೇನಲ್ಲ, ದಿನಾ ಪೇಪರಿನಲ್ಲಿ ಬರುವಂಥದ್ದೇ. ‘ವಿಲೀನ’.

ನಾನಿರುವುದು ದಾವಣಗೆರೆಯಲ್ಲಿ. ನಮ್ಮತ್ತೆಯವರಿಗೆ ಕಣ್ಣು ಮಂಜಾಗಿದೆ. ಬೆಳಿಗ್ಗೆ ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ಮೊನ್ನೆ ‘ಎರಡು ದೊಡ್ಡ ವಿಮಾನ ಕಂಪನಿಗಳ ವಿಲೀನ ಸಾಧ್ಯತೆ’ ಅಂತ ಒಂದು ತಲೆಬರಹ ಓದಿದೆ. ಅವರು ತಕ್ಷಣ ಕೇಳಿದರು: “ಎಲ್ಡೂ ಕೂಡ್ತಾವೇನ್ರಿ, ಇಲ್ಲಾ ಒಂದು ಇನ್ನೊಂದನ್ನ ನುಂಗ್ತೈತಾ?”

ಸುದ್ದಿ ಪೂರ್ತಿ ಓದಿದೆ. ಉತ್ತರ ಸಿಗಲಿಲ್ಲ. ಆರು ಕಡೆ ‘ವಿಲೀನ’ ಇತ್ತು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದು ಒಂದು ಕಡೆಯೂ ಇರಲಿಲ್ಲ.

ಅವರು ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ಅವರ ತವರು ಹಿರಿಯೂರು ಕಡೆ. ಖಾತೆ ಇದ್ದದ್ದು ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನಲ್ಲಿ. 2005ರಲ್ಲಿ ಅದು ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಕೂಡಿ ಪ್ರಗತಿ ಕೃಷ್ಣ. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕೂ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರಲ್ಲಿ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಸೇರಿತು. ಈ ನಾಲ್ಕು ಸಲಕ್ಕೂ ಪೇಪರಿನಲ್ಲಿ ಬಂದದ್ದು ‘ವಿಲೀನ’ ಅಂತಲೇ. ಆದರೆ ಹೆಸರುಗಳನ್ನು ನೋಡಿ. ಮೊದಲ ಸಲ ನಾಲ್ಕು ಹೆಸರೂ ಹೋಗಿ ಹೊಸದೊಂದು ಬಂತು. ಎರಡನೇ ಸಲ ಪ್ರಗತಿಯೂ ಉಳಿಯಿತು, ಕೃಷ್ಣಾವೂ ಉಳಿಯಿತು. ಇವೆರಡೂ ಒಂದೇ ತರಹದ ಕೆಲಸವಲ್ಲ, ಅಲ್ವಾ?

ಪದದ ಒಳಗೆ ಹೋದರೆ, ‘ಲೀನ’ಕ್ಕೆ ಮೂಲ ‘ಲೀ’ ಅನ್ನುವ ಸಂಸ್ಕೃತ ಧಾತು. ಕರಗು, ಅಂಟಿಕೊಳ್ಳು ಅನ್ನುವ ಅರ್ಥ. ‘ಲಯ’, ‘ಪ್ರಳಯ’ ಎಲ್ಲ ಅದೇ ಮನೆಯವು. ಪಂಚಭೂತಗಳಲ್ಲಿ ಲೀನವಾದರು ಅಂತ ಸತ್ತವರ ಬಗ್ಗೆ ಬರೆಯುತ್ತೇವೆ. ಅಂದರೆ ಈ ಪದದಲ್ಲಿ ಒಂದು ಇಲ್ಲವಾಗುತ್ತದೆ, ಇನ್ನೊಂದು ಇರುತ್ತದೆ. ಅದಕ್ಕೇ ಅದು ‘ಅಲ್ಲಿ’ ಪ್ರತ್ಯಯವನ್ನು ಬೇಡುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ. ಉಪ್ಪು ನೀರಿನ ಜೊತೆ ಕರಗಿತು ಅಂತ ಯಾರೂ ಹೇಳುವುದಿಲ್ಲ. ಈಗ ಪೇಪರುಗಳಲ್ಲಿ ‘ಅದರ ಜೊತೆ ವಿಲೀನ’, ‘ಅದರೊಂದಿಗೆ ವಿಲೀನ’ ಜಾಸ್ತಿಯಾಗಿದೆ. ‘ಎರಡು ಕಂಪನಿಗಳ ವಿಲೀನ’ ಅಂದಾಗಲಂತೂ ಪ್ರತ್ಯಯವೇ ಬಿದ್ದು ಹೋಗಿ, ಯಾವುದು ಉಪ್ಪು, ಯಾವುದು ನೀರು ಅನ್ನುವುದೇ ತಿಳಿಯುವುದಿಲ್ಲ. ನನ್ನ ಮೊದಲ ಪ್ರಶ್ನೆ ಇದೇ. ಈ ‘ಜೊತೆ ವಿಲೀನ’ ಸರಿಯೇ? ಬಳಕೆಯಲ್ಲಿ ಗಟ್ಟಿಯಾಗಿಬಿಟ್ಟಿದೆ ಅಂತ ಒಪ್ಪಿಕೊಳ್ಳಬೇಕೇ? ನನಗೆ ಮನಸ್ಸು ಒಪ್ಪುತ್ತಿಲ್ಲ.

ಯಾಕೆಂದರೆ ನಮ್ಮ ಮಾತಿನಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಬೇರೆ ಪದ ಈಗಾಗಲೇ ಇದೆ. ನದಿಗಳನ್ನೇ ತೆಗೆದುಕೊಳ್ಳಿ. ಸೂಳೆಕೆರೆಯಿಂದ ಬರುವ ಹರಿದ್ರಾ ಹೊಳೆ ಹರಿಹರದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹರಿದ್ರಾ ಅನ್ನುವ ಹೆಸರಿಲ್ಲ. ಅದೇ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗಾ, ಭದ್ರಾ ಕೂಡುತ್ತವೆ. ಊರಿನ ಹೆಸರೇ ಕೂಡಲಿ. ಮುಂದೆ ಹರಿಯುವ ನದಿಗೆ ಎರಡೂ ಹೆಸರು. ಭದ್ರಾ ತುಂಗೆಯಲ್ಲಿ ವಿಲೀನವಾಯಿತು ಅಂದರೆ ನಮ್ಮ ಕಡೆಯ ಯಾವ ರೈತನೂ ಒಪ್ಪುವುದಿಲ್ಲ. ಹರಿಹರದ ದೇವರೂ ಹಾಗೇ. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಯಾರೂ ಯಾರಲ್ಲೂ ಕರಗಿಲ್ಲ.

ಸೇರುವುದು ಬೇರೆ, ಕೂಡುವುದು ಬೇರೆ. ವಿಮಾನ ಕಂಪನಿಗಳಲ್ಲೂ ಎರಡೂ ಬಗೆ ನಡೆದಿವೆ.

ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿತು. ವಿಮಾನಗಳು, ಸಿಬ್ಬಂದಿ ಆ ಕಡೆ ಹೋದರು. ವಿಸ್ತಾರ ಅನ್ನುವ ಹೆಸರು ಇಲ್ಲವಾಯಿತು. ಅದರಲ್ಲಿ ಪಾಲಿದ್ದ ಸಿಂಗಪುರ ಏರ್‌ಲೈನ್ಸ್‌ಗೆ ಏರ್ ಇಂಡಿಯಾದಲ್ಲಿ 25.1 ಶೇಕಡಾ ಪಾಲು ಬಂತು. ಇದಕ್ಕೆ ‘ವಿಲೀನ’ ಸರಿಯಾದ ಪದ, ಅದೂ ‘ಏರ್ ಇಂಡಿಯಾದಲ್ಲಿ ವಿಲೀನ’ ಅಂತಲೇ. ಆದರೆ 2004ರಲ್ಲಿ ಏರ್ ಫ್ರಾನ್ಸ್, ಕೆಎಲ್ಎಂ ಒಂದಾದಾಗ ಹಾಗೆ ಆಗಲಿಲ್ಲ. ಮೇಲೆ ಒಂದೇ ಒಡೆತನ, ಕೆಳಗೆ ಎರಡೂ ಹೆಸರಿನ ವಿಮಾನಗಳು ಇವತ್ತಿಗೂ ಹಾರುತ್ತಿವೆ. ಇದು ಕೂಡಲಿ. ಇದನ್ನೂ ‘ವಿಲೀನ’ ಅಂದರೆ ಓದುವವರಿಗೆ ತಪ್ಪು ಸುದ್ದಿ ಕೊಟ್ಟಂತೆ.

ನಡುವಿನವೂ ಇವೆ. 2010ರಲ್ಲಿ ಅಮೆರಿಕದ ಯುನೈಟೆಡ್, ಕಾಂಟಿನೆಂಟಲ್ ಒಂದಾದವು. ಹೆಸರು ಯುನೈಟೆಡ್‌ನದು ಉಳಿಯಿತು, ಬಾಲದ ಮೇಲಿನ ಗೋಳದ ಚಿತ್ರ ಕಾಂಟಿನೆಂಟಲ್‌ನದು. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಸರ್ಕಾರ ಒಂದು ಹೊಸ ಕಂಪನಿಯಲ್ಲಿ ಸೇರಿಸಿತು. ಕಾಗದದ ಮೇಲೆ ಎರಡೂ ಮೂರನೆಯದರಲ್ಲಿ ಕರಗಿದವು, ಜನರ ಬಾಯಲ್ಲಿ ಉಳಿದದ್ದು ಏರ್ ಇಂಡಿಯಾ ಒಂದೇ. ಅದೇ ವರ್ಷ ಜೆಟ್ ಏರ್‌ವೇಸ್ ಏರ್ ಸಹಾರಾವನ್ನು ತೆಗೆದುಕೊಂಡಿತು. ಅದು ಖರೀದಿ. ಖರೀದಿಗೆ ಖರೀದಿ ಅಂದರೆ ಸಾಕು.

ಈಗ ‘ಸಾಧ್ಯತೆ’ಯ ಮಾತು. ಇನ್ನೂ ಮಾತುಕತೆಯಲ್ಲಿರುವಾಗ ಯಾರ ಪಾಲು ಎಷ್ಟು, ಯಾರ ಹೆಸರು ಉಳಿಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಆಗಲೇ ‘ವಿಲೀನ’ ಅಂತ ಬರೆದರೆ ಒಂದು ಕರಗಿಹೋಗುತ್ತದೆ ಅಂತ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ಆ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಮನೆಯವರು ಆ ಪದ ಓದಿ ಏನು ಅಂದುಕೊಳ್ಳಬೇಕು? ನಮ್ಮ ಬೀದಿಯ ಒಂದು ಹುಡುಗಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾಳೆ. ಹಿಂದೊಮ್ಮೆ ಹೀಗೇ ಸುದ್ದಿ ಬಂದಾಗ ಅವರಮ್ಮ ಕೆಲಸವೇ ಹೋಯಿತು ಅಂತ ವಾರಗಟ್ಟಲೆ ನಿದ್ದೆಗೆಟ್ಟಿದ್ದರು. ಪದ ಸುಮ್ನೆ ಪದ ಅಲ್ಲ.

ಹಾಗಾದರೆ ಏನು ಬಳಸುವುದು? ‘ಕೂಡಿಕೆ’ ನನಗೆ ಮೊದಲು ಹೊಳೆಯಿತು. ಅತ್ತೆಯವರ ಮುಂದೆ ಹೇಳಿದೆ. ಅವರು ಬೇಡ ಅಂದರು. ಅವರ ಕಾಲದವರಿಗೆ ಕೂಡಿಕೆ ಅಂದರೆ ಗಂಡ ಸತ್ತವಳ ಎರಡನೇ ಮದುವೆ. ಆ ಅರ್ಥ ಇನ್ನೂ ಜೀವಂತ ಇರುವಾಗ ಅದನ್ನು ಕಂಪನಿಗಳಿಗೆ ತರುವುದು ನನಗೂ ಸರಿ ಕಾಣಲಿಲ್ಲ. ‘ಏಕೀಕರಣ’ ಅಂದರೆ 1956 ನೆನಪಾಗುತ್ತದೆ. ಅದು ನಾಡಿನ ಪದವಾಗಿ ನಿಂತುಬಿಟ್ಟಿದೆ, ಅಲ್ಲೇ ಇರಲಿ. ‘ಸಮ್ಮಿಲನ’ ಹಳೆ ವಿದ್ಯಾರ್ಥಿಗಳ ಸಭೆಗೆ ಹೋಯಿತು.

ನನಗೆ ಉಳಿದಿದ್ದು ‘ಒಂದಾಗು’. ಎರಡು ಹೊಲದ ನಡುವಿನ ಬದು ತೆಗೆದರೆ ನಮ್ಮಲ್ಲಿ “ಒಂದು ಮಾಡಿದರು” ಅಂತಾರೆ. ಯಾರ ಹೊಲ ಯಾರದಾಯಿತು ಅನ್ನುವುದನ್ನು ಆ ಮಾತು ಹೇಳುವುದಿಲ್ಲ. ಅದಕ್ಕೇ ಅದು ಮಾತುಕತೆಯ ಹಂತಕ್ಕೆ ಹೊಂದುತ್ತದೆ. ‘ಎರಡು ವಿಮಾನ ಕಂಪನಿಗಳು ಒಂದಾಗಲಿವೆಯೇ?’ ಅಂತ ಬರೆಯಬಹುದು. ತೊಡಕು ಬರುವುದು ನಾಮಪದ ಬೇಕಾದಾಗ. ‘ಒಂದಾಗುವಿಕೆ’ ನಾಲಿಗೆಗೆ ಭಾರ. ‘ಒಗ್ಗೂಡಿಕೆ’ ಪರವಾಗಿಲ್ಲ, ಆದರೆ ಅದಕ್ಕೆ ಸಂಘಟನೆಯ, ಹೋರಾಟದ ವಾಸನೆ ಇದೆ ಅಂತ ನನಗನ್ನಿಸುತ್ತದೆ. ಹಾಗನ್ನಿಸುವುದು ನನಗೊಬ್ಬನಿಗೇ ಏನೋ, ತಿಳಿದವರು ಹೇಳಿ.

ಇನ್ನೊಂದು ಕೇಳುವುದಿದೆ. ನಿಮ್ಮ ಕಡೆ ಎರಡು ಸೊಸೈಟಿ, ಎರಡು ಅಂಗಡಿ, ಎರಡು ಮನೆ ಕೂಡಿ ಎರಡರ ಹೆಸರೂ ಉಳಿದಾಗ ಹಿರಿಯರು ಏನು ಪದ ಹೇಳುತ್ತಿದ್ದರು? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ. ಒಂದು ವಾಕ್ಯದ ಬಳಕೆಯಾದರೂ ಸಾಕು, ಅದನ್ನು ನಾಳೆ ಬೆಳಿಗ್ಗೆ ಅತ್ತೆಯವರಿಗೆ ಓದಿ ಹೇಳುತ್ತೇನೆ.