ಸಹಾಯ ಬೇಕು: ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಯಾವ ತಲೆಮಾರಿನದು ತಗೊಳ್ಳಲಿ? (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್, ಮ್ಯಾನುಯಲ್ ಗೇರ್ ಗಾಡಿ ಹುಡುಕ್ತಿದ್ದೀನಿ. ಓಡಾಟ ಬಳ್ಳಾರಿ–ತೋರಣಗಲ್ಲು–ಸಂಡೂರು. ಅದಿರು ಲಾರಿಗಳ ಹಿಂದೆ ಕೆಂಪು ಧೂಳು, ಓವರ್‌ಟೇಕ್ ಜಾಸ್ತಿ.

2011ರ ಎರಡನೇ ತಲೆಮಾರು ಭಾರ ಹೆಚ್ಚು, ಆದರೆ ರಸ್ತೆ ಮೇಲೆ ಗಟ್ಟಿಯಾಗಿ ಕೂರುತ್ತೆ. 2018ರ ಮೂರನೆಯದು ಹಗುರ, 83 ಪಿಎಸ್ (ಎಂಜಿನ್ ಶಕ್ತಿಯ ಅಳತೆ). ಅದೇ ತಲೆಮಾರಿಗೆ 2021ರಲ್ಲಿ ಡ್ಯುಯಲ್‌ಜೆಟ್ ಎಂಜಿನ್ (ಸಿಲಿಂಡರ್‌ಗೆ ಎರಡು ಇಂಧನ ಇಂಜೆಕ್ಟರ್) ಬಂದು 90 ಪಿಎಸ್ ಆಯ್ತು. 2024ರ ನಾಲ್ಕನೆಯದು ಮೂರು ಸಿಲಿಂಡರ್, ಸುಮಾರು 82 ಪಿಎಸ್. ಆರು ಏರ್‌ಬ್ಯಾಗ್ ಇದರ ಎಲ್ಲಾ ವೇರಿಯಂಟ್‌ಗೂ ಇದೆ. ಓಡಿಸೋ ಖುಷಿಗೆ ನನ್ನ ಮನಸ್ಸು 2021–23ರ ಗಾಡಿ ಕಡೆಗೇ ಇದೆ. ಏರ್‌ಬ್ಯಾಗ್ ವಿಷಯ ಮಾತ್ರ ಯೋಚನೆಗೆ ಹಚ್ಚಿದೆ.

ಮೂರು ಸಿಲಿಂಡರ್ ಗಾಡಿ ಓಡಿಸ್ತಿರೋರು ಹೇಳಿ: ನಾಲ್ಕು ಜನ, ಎಸಿ ಆನ್, ಸಂಡೂರು ಘಾಟಿನಲ್ಲಿ ಮೂರನೇ ಗೇರ್ ಎಳೆಯುತ್ತಾ, ಎರಡಕ್ಕೆ ಇಳಿಸಲೇಬೇಕಾ?

ನೋಡೋಕೆ ಹೋದಾಗ ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿ, ಫಿಲ್ಟರ್ ದಾಟಿ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಕವಾಟ) ಕಡೆಗೆ ಕೆಂಪು ಪುಡಿ ಹೋಗಿದೆಯಾ ನೋಡ್ತೀನಿ. ಹೋಗಿದ್ರೆ ಪಿಸ್ಟನ್ ರಿಂಗ್ ಸವೆದಿರಬಹುದು, ಆ ಗಾಡಿ ಬೇಡ. ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಜೊತೆಗೆ ಎಸಿ ಕಂಡೆನ್ಸರ್ ಕೂಡ ಪಟ್ಟಿಯಲ್ಲಿವೆ. ಇನ್ನೇನು ನೋಡಬೇಕು? ಬಳ್ಳಾರಿ, ಹೊಸಪೇಟೆ ಕಡೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ) ಮಾಡೋ ಮೆಕ್ಯಾನಿಕ್ ಗೊತ್ತಿದ್ರೆ ದಯವಿಟ್ಟು ತಿಳಿಸಿ.