ಒಂದು ಸರ್ವರ್ ಬಿದ್ದರೂ ಸಭೆ ನಿಲ್ಲಬಾರದು: ಜಿಟ್ಸಿ ಕ್ಲಸ್ಟರ್ ಕಟ್ಟುವುದು ಹೇಗೆ?

ಜಾಲದಾರಿ (ಪ್ರಶ್ನೆ):

ನಮ್ಮ ವಿಡಿಯೊ ಸಭೆಯ ತಂತ್ರಾಂಶ ಜಿಟ್ಸಿ ಮೀಟ್ ಈಗ ಒಂದೇ ಮಷೀನಿನಲ್ಲಿ ಓಡುತ್ತಿದೆ. ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪ್ರೊಸೊಡಿ (ಯಾರು ಯಾವ ರೂಮಿನಲ್ಲಿದ್ದಾರೆ ಎಂಬ ಸಂದೇಶ ಸಾಗಿಸುವ ಸಿಗ್ನಲಿಂಗ್ ಸರ್ವರ್), ಜಿಕೊಫೊ (ರೂಮಿಗೆ ಬ್ರಿಜ್ ಆರಿಸುವುದು), ವಿಡಿಯೊಬ್ರಿಜ್ (ಧ್ವನಿ, ಚಿತ್ರ ಹಂಚುವುದು) ನಾಲ್ಕೂ ಅದರೊಳಗೇ. 8 ಕೋರ್, 16 ಜಿಬಿ ರ‍್ಯಾಮ್, 1 ಜಿಬಿಪಿಎಸ್ ಲಿಂಕ್. ಹೆಚ್ಚೆಂದರೆ ಒಂದೇ ಹೊತ್ತಿಗೆ 12 ರೂಮು, ರೂಮಿಗೆ 20 ಜನ. ಇಂಥವೇ ಇನ್ನೂ ಮೂರು ಮಷೀನು ಸಿಗಲಿವೆ.

ಈಗಿನ ಮಷೀನಿನ ಇಮೇಜ್ (ಪೂರ್ತಿ ನಕಲು) ತೆಗೆದು ಉಳಿದ ಮೂರಕ್ಕೂ ಹಾಕುವುದು, ಮುಂದೆ ಎಚ್‌ಎಪ್ರಾಕ್ಸಿ (ಬಂದವರನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್) ಕೂರಿಸಿ ರೌಂಡ್ ರಾಬಿನ್‌ನಲ್ಲಿ (ಸರದಿಯಂತೆ) ಹಂಚುವುದು ಎಂದುಕೊಂಡಿದ್ದೇನೆ. ಸಭೆಯ ನಡುವೆ ಯಾವ ಮಷೀನು ಹೋದರೂ ಮಾತು ಕಡಿಯಬಾರದು. ಇದರಲ್ಲಿ ಎಡವಟ್ಟು ಎಲ್ಲಿದೆ, ತಿಳಿದವರು ಹೇಳಿ.

ಪ್ಯಾಕೆಟ್‌ಪಾಲಕ:

ರೌಂಡ್ ರಾಬಿನ್ ಬೇಡವೇ ಬೇಡ. ಒಂದೇ ರೂಮಿನ ಲಿಂಕ್ ಒತ್ತಿದ ಇಬ್ಬರಲ್ಲಿ ಒಬ್ಬರು ಮೊದಲ ಮಷೀನಿಗೂ ಇನ್ನೊಬ್ಬರು ಎರಡನೆಯದಕ್ಕೂ ಹೋಗುತ್ತಾರೆ. ಆ ಎರಡು ಪ್ರೊಸೊಡಿಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಅದೇ ಹೆಸರಿನ ಎರಡು ರೂಮು ಹುಟ್ಟಿಕೊಳ್ಳುತ್ತವೆ, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಲಾಗ್‌ನಲ್ಲಿ ಒಂದೂ ಎರರ್ ಇರುವುದಿಲ್ಲ, ಹೆಲ್ತ್ ಚೆಕ್ (ಸರ್ವರ್ ಬದುಕಿದೆಯೇ ಎಂಬ ಪರೀಕ್ಷೆ) ಎಲ್ಲ ಹಸಿರು. ಹಾಗಾಗಿ ಹಂಚಬೇಕಾದ್ದು ಬಳಕೆದಾರರನ್ನಲ್ಲ, ರೂಮುಗಳನ್ನು. ಒಂದು ರೂಮಿನವರೆಲ್ಲ ಒಂದೇ ಸಿಗ್ನಲಿಂಗ್ ಸರ್ವರಿಗೆ ಹೋಗಲೇಬೇಕು.

ಇನ್ನು ಮಾತು ಕಡಿಯಬಾರದು ಅನ್ನುವುದು. ಬ್ರೌಸರ್ ಮತ್ತು ಬ್ರಿಜ್ ನಡುವಿನ ಐಸ್ (ಐಸಿಇ, ಇಬ್ಬರ ನಡುವೆ ದಾರಿ ಹುಡುಕುವ ವಿಧಾನ) ಸಂಪರ್ಕ, ಡಿಟಿಎಲ್‌ಎಸ್ ಕೈಕುಲುಕಿನಲ್ಲಿ (ಹ್ಯಾಂಡ್‌ಶೇಕ್) ಹುಟ್ಟಿದ, ಧ್ವನಿ-ಚಿತ್ರವನ್ನು ಗೂಢಲಿಪಿ ಮಾಡುವ ಎಸ್‌ಆರ್‌ಟಿಪಿ ಕೀಲಿ, ಇವೆಲ್ಲ ಆ ಒಂದು ಬ್ರಿಜ್‌ನ ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಬ್ರಿಜ್ ಸತ್ತರೆ ಅವೂ ಹೋದವು. ಬೇರೆ ಮಷೀನು ಆ ಪ್ಯಾಕೆಟ್‌ಗಳನ್ನು ಎತ್ತಿಕೊಂಡು ಮುಂದುವರಿಸಲಾರದು, ಹೊಸ ಸಂಪರ್ಕವೇ ಆಗಬೇಕು. ಆದ್ದರಿಂದ ಎರಡೇ ಅಳತೆ ಇಟ್ಟುಕೊಳ್ಳಿ: ಒಂದು ಮಷೀನು ಹೋದರೆ ಎಷ್ಟು ರೂಮಿಗೆ ಪೆಟ್ಟು, ಅವು ಎಷ್ಟು ಸೆಕೆಂಡಿನಲ್ಲಿ ಮತ್ತೆ ಮಾತಿಗೆ ಬರುತ್ತವೆ. ಕ್ಲಸ್ಟರ್ ಕಟ್ಟುವುದೆಲ್ಲ ಈ ಎರಡನ್ನು ಇಳಿಸುವುದಕ್ಕೇ.

ನಾಲ್ಕು ಮಷೀನಿಗೆ ನಾನು ಹೇಳುವ ಜೋಡಣೆ ಇದು. ಎ ಮತ್ತು ಬಿ ಎರಡು ಶಾರ್ಡ್ (ರೂಮುಗಳ ಒಂದೊಂದು ಪಾಲು ನೋಡಿಕೊಳ್ಳುವ ಮಷೀನು): ಒಂದೊಂದರಲ್ಲೂ ಎಂಜಿನ್‌ಎಕ್ಸ್, ಪ್ರೊಸೊಡಿ, ಜಿಕೊಫೊ. ಸಿ ಮತ್ತು ಡಿ ಬರೀ ಬ್ರಿಜ್‌ಗಳು. ಬ್ರಿಜ್‌ನ ಎಕ್ಸ್‌ಎಂಪಿಪಿ (ಪ್ರೊಸೊಡಿ ಬಳಸುವ ಸಂದೇಶ ಭಾಷೆ) ಕ್ಲೈಂಟ್ ಸೆಟ್ಟಿಂಗ್‌ನಲ್ಲಿ ಒಂದಕ್ಕಿಂತ ಹೆಚ್ಚು ಸರ್ವರ್ ಬರೆಯಬಹುದು. ಅದರಿಂದ ಸಿ, ಡಿ ಎರಡೂ ಬ್ರಿಜ್‌ಗಳು ಎರಡು ಶಾರ್ಡ್‌ಗಳ ಪ್ರೊಸೊಡಿಗೂ 5222 ಪೋರ್ಟ್‌ನಲ್ಲಿ ಲಾಗಿನ್ ಆಗಿರಲಿ. ಆಗ ಒಂದು ಬ್ರಿಜ್ ಸತ್ತರೆ ಜಿಕೊಫೊ ಅದರಲ್ಲಿದ್ದವರನ್ನು ಇನ್ನೊಂದಕ್ಕೆ ಮತ್ತೆ ಕರೆಯುತ್ತದೆ. ಜನ ರೂಮಿನಲ್ಲೇ ಇರುತ್ತಾರೆ, ಚಿತ್ರ ಕೆಲ ಸೆಕೆಂಡು ನಿಂತು ಮತ್ತೆ ಬರುತ್ತದೆ. ಶಾರ್ಡ್ ಸತ್ತರೆ ಪೆಟ್ಟು ದೊಡ್ಡದು. ರೂಮಿನ ಸ್ಥಿತಿ ಪ್ರೊಸೊಡಿಯ ಮೆಮೊರಿಯಲ್ಲೇ ಇರುವುದರಿಂದ ಜನ ಇನ್ನೊಂದು ಶಾರ್ಡ್‌ನಲ್ಲಿ ಹೊಸದಾಗಿ ಸೇರಬೇಕು. ರೂಮಿನ ಪಾಸ್‌ವರ್ಡ್, ಲಾಬಿ (ಒಪ್ಪಿಗೆ ಸಿಗುವವರೆಗೆ ಕಾಯುವ ಕೋಣೆ), ಅಲ್ಲಿಯವರೆಗಿನ ಚಾಟ್ ಮೂರೂ ಹೋಗುತ್ತವೆ. ಗುಟ್ಟಿನ ಸಭೆ ನಡೆಸುವವರಿಗೆ ಇದನ್ನು ಮೊದಲೇ ಹೇಳಿಡಿ. ಮರಳಿ ಬಂದ ರೂಮಿಗೆ ಬಾಗಿಲೇ ಇರುವುದಿಲ್ಲ, ಪಾಸ್‌ವರ್ಡ್ ಮತ್ತೆ ಹಾಕುವವರೆಗೆ ಲಿಂಕ್ ಇದ್ದ ಯಾರು ಬೇಕಾದರೂ ಒಳಗೆ ಬರಬಹುದು.

ಹೊರೆಹಂಚು:

ಮೇಲಿನವರು ಹೇಳಿದ ಜೋಡಣೆಯೇ ಸರಿ. ಎಚ್‌ಎಪ್ರಾಕ್ಸಿ ಭಾಗ ನಾನು ಬಿಡಿಸುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ಜಿಟ್ಸಿ ಕ್ಲೈಂಟ್ ವೆಬ್‌ಸಾಕೆಟ್ (ತೆರೆದೇ ಇರುವ ಸಂಪರ್ಕ) ತೆರೆಯುವಾಗಲೂ ಬಾಶ್ (ಬಿಒಎಸ್‌ಎಚ್, ಎಚ್‌ಟಿಟಿಪಿ ವಿನಂತಿಗಳಲ್ಲಿ ಸಂದೇಶ ಸಾಗಿಸುವ ವಿಧಾನ) ವಿನಂತಿಯಲ್ಲೂ ಯುಆರ್‌ಎಲ್‌ನ ಕೊನೆಗೆ ‘ರೂಮ್’ ಅನ್ನುವ ಪ್ಯಾರಾಮೀಟರ್ ಕಳಿಸುತ್ತದೆ. ಹಂಚಿಕೆ ಅದರ ಮೇಲೆ ಆಗಬೇಕು. ಅದನ್ನು ಓದಬೇಕಾದರೆ ಟಿಎಲ್‌ಎಸ್ (ಗೂಢಲಿಪಿ ಹೊದಿಕೆ) ಎಚ್‌ಎಪ್ರಾಕ್ಸಿಯಲ್ಲೇ ಬಿಚ್ಚಬೇಕು, ಟಿಸಿಪಿ ಮೋಡ್‌ನಲ್ಲಿ ಹಾಗೇ ದಾಟಿಸಿದರೆ ರೂಮಿನ ಹೆಸರು ಕಾಣುವುದಿಲ್ಲ. ಎ, ಬಿ ಮೇಲೆಯೇ ಎಚ್‌ಎಪ್ರಾಕ್ಸಿ ಇಡುವುದಾದರೆ 443 ಪೋರ್ಟ್ ಅದಕ್ಕೆ ಬಿಟ್ಟು ಎಂಜಿನ್‌ಎಕ್ಸ್ ಅನ್ನು 8443ಕ್ಕೆ ಸರಿಸಿ.

ರೂಮಿನ ಹೆಸರಿನ ಹ್ಯಾಶ್ (ಹೆಸರಿನಿಂದಲೇ ಲೆಕ್ಕ ಹಾಕಿ ಶಾರ್ಡ್ ಆರಿಸುವುದು) ಒಂದೇ ಸಾಕು ಅನ್ನಿಸುತ್ತದೆ, ಸಾಲದು. ಮೊದಲನೆಯದು, ಹ್ಯಾಶ್ ಬಗೆಯನ್ನು ‘ಕನ್ಸಿಸ್ಟೆಂಟ್’ ಮಾಡದಿದ್ದರೆ ಶಾರ್ಡ್‌ಗಳು ಎರಡಕ್ಕಿಂತ ಹೆಚ್ಚಾದಾಗ ಒಂದು ಬಿದ್ದರೂ ಚೆನ್ನಾಗಿರುವ ಶಾರ್ಡ್‌ಗಳ ರೂಮುಗಳೂ ಅದಲುಬದಲಾಗುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು. ಎ ಬಿತ್ತು, ಅದರ ರೂಮುಗಳು ಬಿಗೆ ಹೋದವು, ಸಭೆ ಮತ್ತೆ ಶುರುವಾಯಿತು. ಐದು ನಿಮಿಷಕ್ಕೆ ಎ ಎದ್ದಿತು. ಹ್ಯಾಶ್ ಪ್ರಕಾರ ಆ ರೂಮು ಎಗೆ ಸೇರಿದ್ದು, ತಡವಾಗಿ ಬಂದವರು ಎಗೆ ಹೋಗುತ್ತಾರೆ, ಉಳಿದವರು ಬಿಯಲ್ಲೇ ಇರುತ್ತಾರೆ. ರೂಮು ಒಡೆಯಿತು. ಇದಕ್ಕೆ ಮದ್ದು ಸ್ಟಿಕ್ ಟೇಬಲ್: ರೂಮಿನ ಹೆಸರನ್ನೇ ಕೀ ಮಾಡಿ, ಮೊದಲು ಹೋದ ಶಾರ್ಡ್ ಯಾವುದೋ ಅದನ್ನೇ ಬರೆದಿಡಬೇಕು. ಕೀ ಬಗೆ ಸ್ಟ್ರಿಂಗ್, ಉದ್ದ 128. ಎಕ್ಸ್‌ಪೈರ್ ಅವಧಿ ನಿಮ್ಮಲ್ಲಿನ ಅತಿ ಉದ್ದದ ಸಭೆಗಿಂತ ಹೆಚ್ಚಿರಲಿ, 12 ಗಂಟೆ ಕೊಟ್ಟರೂ ತಪ್ಪಿಲ್ಲ. ಜೊತೆಗೆ ರೀಡಿಸ್ಪ್ಯಾಚ್ ಆಯ್ಕೆ ಹಾಕಿ, ಬರೆದಿಟ್ಟ ಶಾರ್ಡ್ ಸತ್ತಿದ್ದರೆ ಬದುಕಿರುವುದಕ್ಕೆ ಕಳಿಸಲಿ.

ಎರಡು ಎಚ್‌ಎಪ್ರಾಕ್ಸಿ ಇದ್ದಾಗ ಈ ಟೇಬಲ್ ಎರಡರಲ್ಲೂ ಒಂದೇ ಆಗಿರಬೇಕು. ‘ಪೀರ್ಸ್’ ವಿಭಾಗ ಇರುವುದು ಅದಕ್ಕೇ. ಅದನ್ನು ಬಿಟ್ಟರೆ ಮುಖ್ಯ ಪ್ರಾಕ್ಸಿ ಬಿದ್ದ ಹೊತ್ತಿಗೆ ಎರಡನೆಯದು ಖಾಲಿ ಟೇಬಲ್ ಹಿಡಿದುಕೊಂಡು ಬರುತ್ತದೆ. ಪೀರ್ ಹೆಸರು ಆ ಮಷೀನಿನ ಹೋಸ್ಟ್‌ನೇಮ್‌ಗೆ ಅಕ್ಷರಕ್ಕಕ್ಷರ ಹೊಂದಬೇಕು, ಇಲ್ಲದಿದ್ದರೆ ಸಿಂಕ್ ಆಗುವುದಿಲ್ಲ.

ಟೈಮ್‌ಔಟ್ ಕೂಡ ನೋಡಿಕೊಳ್ಳಿ. ಬಾಶ್ ವಿನಂತಿ 60 ಸೆಕೆಂಡಿನವರೆಗೆ ಉತ್ತರವಿಲ್ಲದೆ ಕಾಯಬಹುದು. ಸರ್ವರ್ ಟೈಮ್‌ಔಟ್ 50 ಸೆಕೆಂಡು ಇದ್ದರೆ ಸುಮ್ಮನಿದ್ದ ರೂಮುಗಳಲ್ಲಿ 504 ಬರತೊಡಗುತ್ತದೆ, 90 ಇಡಿ. ವೆಬ್‌ಸಾಕೆಟ್‌ಗೆ ಟನಲ್ ಟೈಮ್‌ಔಟ್ ಬೇರೆ, ಅದು 1 ಗಂಟೆ ಇರಲಿ.

ಹೆಲ್ತ್ ಚೆಕ್ ಬರೀ ಪೋರ್ಟ್ ತೆರೆದಿದೆಯೇ ಅಂತ ನೋಡಿದರೆ ಎಂಜಿನ್‌ಎಕ್ಸ್ ಬದುಕಿದೆ ಅಂತಷ್ಟೇ ಗೊತ್ತಾಗುತ್ತದೆ. ಹಿಂದೆ ಪ್ರೊಸೊಡಿ ಸತ್ತಿದ್ದರೂ ಅದು ಪಾಸ್. ಜಿಕೊಫೊ ತನ್ನ 8888 ಪೋರ್ಟ್‌ನಲ್ಲಿ ‘ಅಬೌಟ್/ಹೆಲ್ತ್’ ಪಾತ್‌ನಲ್ಲಿ ಉತ್ತರ ಕೊಡುತ್ತದೆ. ಎಂಜಿನ್‌ಎಕ್ಸ್ ಮೂಲಕ ಅದನ್ನು ಎಚ್‌ಎಪ್ರಾಕ್ಸಿಗೆ ಮಾತ್ರ ತೆರೆದು, ಎಚ್‌ಟಿಟಿಪಿ ಚೆಕ್ ಅದರ ಮೇಲೆ ಇಡಿ. ಜಿಕೊಫೊದ ಹೆಲ್ತ್ ಸೆಟ್ಟಿಂಗ್ ಆನ್ ಇರಬೇಕು. 2 ಸೆಕೆಂಡಿಗೊಮ್ಮೆ ಚೆಕ್, 3 ಸಲ ತಪ್ಪಿದರೆ ಡೌನ್, 5 ಸಲ ಸರಿಯಾದರೆ ಅಪ್. ಏಳುವಾಗ ನಿಧಾನ ಮಾಡುವುದು ಬೇಕೆಂದೇ: ಎದ್ದು ಬೀಳುತ್ತಿರುವ ಶಾರ್ಡ್‌ಗಿಂತ ಪೂರ್ತಿ ಬಿದ್ದಿರುವ ಶಾರ್ಡ್ ಎಷ್ಟೋ ವಾಸಿ.

ಬ್ರಿಜ್‌ಕಾವಲು:

ಇಮೇಜ್ ಕ್ಲೋನ್ ಮಾಡುವ ಬಗ್ಗೆ. ಬ್ರಿಜ್‌ಗಳನ್ನು ಕ್ಲೋನ್ ಮಾಡಿದರೆ ಮೂರು ಕಡೆ ಕೈಯಾರೆ ಬದಲಿಸಲೇಬೇಕು. ಎಂಯುಸಿ (ಪ್ರೊಸೊಡಿಯ ಗುಂಪು ರೂಮು) ನಿಕ್‌ನೇಮ್ ಪ್ರತಿ ಬ್ರಿಜ್‌ಗೂ ಬೇರೆ ಇರಬೇಕು. ಒಂದೇ ಆದರೆ ಜಿಕೊಫೊ ಬ್ರಿಜ್‌ಗಳನ್ನು ಗುರುತಿಸುವ ‘ಬ್ರೂವರಿ’ ರೂಮಿನಲ್ಲಿ ಎರಡನೆಯದು ಬೇರೆಯಾಗಿ ಕಾಣುವುದೇ ಇಲ್ಲ, ನಿಮಗೆ ಎರಡು ಬ್ರಿಜ್ ಇವೆ ಅನ್ನಿಸುತ್ತದೆ, ಜಿಕೊಫೊಗೆ ಒಂದೇ ಕಾಣುತ್ತಿರುತ್ತದೆ. ವೆಬ್‌ಸಾಕೆಟ್‌ನ ಸರ್ವರ್ ಐಡಿ ಕೂಡ ಬೇರೆ ಬೇರೆ ಇರಬೇಕು, ಎಂಜಿನ್‌ಎಕ್ಸ್ ಆ ಐಡಿ ನೋಡಿಯೇ ಕೊಲಿಬ್ರಿ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಬ್ರಿಜ್ ನಡುವಿನ ನಿಯಂತ್ರಣ ಸಂಪರ್ಕ) ಅನ್ನು ಸರಿಯಾದ ಬ್ರಿಜ್‌ಗೆ ದಾಟಿಸುತ್ತದೆ. ಇದು ತಪ್ಪಿದಾಗ ಧ್ವನಿ ಸರಿಯಿರುತ್ತದೆ, ಆದರೆ ಮಾತಾಡುವವರ ಚಿತ್ರ ದೊಡ್ಡದಾಗುವುದಿಲ್ಲ ಅಥವಾ ಮಸುಕಾಗೇ ಉಳಿಯುತ್ತದೆ. ಜನ ನೆಟ್‌ವರ್ಕ್ ಬೈಯುತ್ತಾ ಕೂರುತ್ತಾರೆ. ಮೂರನೆಯದು, ನ್ಯಾಟ್ (ಒಳಗಿನ ಐಪಿಯನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಹಿಂದೆ ಇದ್ದರೆ ಒಳಗಿನ ಮತ್ತು ಹೊರಗಿನ ಐಪಿ ಜೋಡಿ. ಹಳೆಯ ಐಪಿ ಉಳಿದರೆ ಬ್ರಿಜ್ ತನ್ನ ವಿಳಾಸ ಅಂತ ಇನ್ನೊಂದು ಮಷೀನಿನದನ್ನು ಹೇಳಿ ಕಳಿಸುತ್ತದೆ.

ಮೀಡಿಯಾ ಯುಡಿಪಿ 10000ರಲ್ಲಿ ಬ್ರೌಸರ್‌ನಿಂದ ನೇರ ಬ್ರಿಜ್‌ಗೆ ಬರುತ್ತದೆ, ಎಚ್‌ಎಪ್ರಾಕ್ಸಿಯ ಹಾದಿ ಹಿಡಿಯುವುದಿಲ್ಲ. ಹಾಗಾಗಿ ಪ್ರತಿ ಬ್ರಿಜ್‌ಗೂ ತನ್ನದೇ ಪಬ್ಲಿಕ್ ಐಪಿ, ಅಥವಾ ಒಂದೇ ಐಪಿಯಲ್ಲಿ ಬೇರೆ ಬೇರೆ ಪೋರ್ಟ್ ಬೇಕು.

ಲೆಕ್ಕವನ್ನೂ ಹಾಕಿಬಿಡೋಣ, ಏಕೆಂದರೆ ರಿಡಂಡೆನ್ಸಿ ಅಂದರೆ ಒಂದು ಬ್ರಿಜ್ ಸತ್ತಾಗ ಉಳಿದದ್ದು ಇಡೀ ಹೊರೆ ಹೊರಬೇಕು. 20 ಜನರ ರೂಮು, ಎಲ್ಲರ ಕ್ಯಾಮೆರಾ ಆನ್. ಒಬ್ಬರಿಗೆ ದೊಡ್ಡ ಚಿತ್ರ ಒಂದು, ಅಂದಾಜು 1.5 ಎಂಬಿಪಿಎಸ್. ಉಳಿದ 18 ಚಿಕ್ಕವು, ತಲಾ 200 ಕೆಬಿಪಿಎಸ್, ಒಟ್ಟು 3.6. ಸೇರಿದರೆ 5.1. ಗುಣಿಸು 20, ರೂಮಿಗೆ 102 ಎಂಬಿಪಿಎಸ್. 12 ರೂಮಿಗೆ 1,224. ನಿಮ್ಮ 1 ಜಿಬಿಪಿಎಸ್ ಲಿಂಕಿನಲ್ಲಿ ಇದು ಹಿಡಿಸುವುದೇ ಇಲ್ಲ. ಎರಡು ಬ್ರಿಜ್ ಇದ್ದಾಗ ಎಲ್ಲ ಸುಸೂತ್ರ, ಒಂದು ಬಿದ್ದ ಕೂಡಲೇ ಇನ್ನೊಂದು ಉಸಿರುಗಟ್ಟಿ ಅದೂ ಹೆಲ್ತ್ ಚೆಕ್‌ನಲ್ಲಿ ಬೀಳಬಹುದು. ಚಾನೆಲ್ ಲಾಸ್ಟ್-ಎನ್ (ಒಬ್ಬರಿಗೆ ಹೆಚ್ಚೆಂದರೆ ಎಷ್ಟು ಜನರ ಚಿತ್ರ ಕಳಿಸಬೇಕು ಎಂಬ ಮಿತಿ) ಅನ್ನು 8ಕ್ಕೆ ಇಡಿ. ಆಗ ಒಬ್ಬರಿಗೆ 1.5 ಮತ್ತು 7 ಚಿಕ್ಕವು ಸೇರಿ 2.9, ರೂಮಿಗೆ 58, ಹನ್ನೆರಡಕ್ಕೆ 696 ಎಂಬಿಪಿಎಸ್. ಧ್ವನಿ, ಹೆಡರ್ ಎಲ್ಲ ಸೇರಿಯೂ ಒಂದೇ ಬ್ರಿಜ್ ತಾಳಿಕೊಳ್ಳುತ್ತದೆ. ಕ್ಲಸ್ಟರ್ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇದು. ಸಿಪಿಯು ಬಗ್ಗೆ ಕಾಗದದ ಮೇಲಿನ ಲೆಕ್ಕ ನಂಬಬೇಡಿ, ಬ್ರಿಜ್‌ನ 8080 ಪೋರ್ಟ್‌ನ ‘ಕೊಲಿಬ್ರಿ/ಸ್ಟ್ಯಾಟ್ಸ್’ನಲ್ಲಿ ಸ್ಟ್ರೆಸ್ ಲೆವೆಲ್ ನೋಡುತ್ತಾ ಹೊರೆ ಏರಿಸಿ ಅಳೆಯಿರಿ.

ಜಾಲದಾರಿ:

ಎಲ್ಲರಿಗೂ ಧನ್ಯವಾದ, ಲಾಸ್ಟ್-ಎನ್ ಲೆಕ್ಕ ನನ್ನ ತಲೆಯಲ್ಲೇ ಇರಲಿಲ್ಲ. ಇನ್ನೆರಡು ಕೇಳುತ್ತೇನೆ. ಎಚ್‌ಎಪ್ರಾಕ್ಸಿಗೆ ಕೀಪ್‌ಅಲೈವ್‌ಡಿ (ಒಂದು ಬಿದ್ದರೆ ಅದರ ಐಪಿಯನ್ನು ಇನ್ನೊಂದಕ್ಕೆ ಸರಿಸುವುದು) ಇಟ್ಟರೆ ಎಷ್ಟು ಸೆಕೆಂಡು ಹೋಗುತ್ತದೆ? ಟರ್ನ್ ಸರ್ವರ್ (ನೇರ ದಾರಿ ಸಿಗದವರ ಮೀಡಿಯಾ ದಾಟಿಸುವುದು) ಎರಡು ಇಡುವಾಗ ವಿಶೇಷವೇನಾದರೂ ಇದೆಯೇ?

ಹೊರೆಹಂಚು:

ಸುಮಾರು ಮೂರೂವರೆ ಸೆಕೆಂಡು. ‘ನಾನು ಬದುಕಿದ್ದೇನೆ’ ಎನ್ನುವ ಜಾಹೀರು ಪ್ಯಾಕೆಟ್ ಡೀಫಾಲ್ಟ್ ಆಗಿ 1 ಸೆಕೆಂಡಿಗೊಮ್ಮೆ. ಮೂರು ತಪ್ಪುವವರೆಗೆ ಕಾಯುತ್ತದೆ, ಅದಕ್ಕೆ 256ರಿಂದ ಪ್ರಯಾರಿಟಿ ಕಳೆದು 256ರಿಂದ ಭಾಗಿಸಿದಷ್ಟು ಸೇರುತ್ತದೆ. ಬ್ಯಾಕಪ್‌ನ ಪ್ರಯಾರಿಟಿ 100 ಆದರೆ 3.6. ಎಚ್‌ಎಪ್ರಾಕ್ಸಿ ಪ್ರೊಸೆಸ್ ಮಾತ್ರ ಸತ್ತು ಮಷೀನು ಬದುಕಿದ್ದರೂ ಐಪಿ ಸರಿಯಬೇಕು, ಅದಕ್ಕೆ ಟ್ರ್ಯಾಕ್ ಸ್ಕ್ರಿಪ್ಟ್ ಹಾಕಿ. ಎರಡನ್ನೂ ಬ್ಯಾಕಪ್ ಸ್ಥಿತಿಯಲ್ಲೇ ಶುರು ಮಾಡಿ ನೋಪ್ರೀಎಂಪ್ಟ್ ಕೊಡಿ, ಇಲ್ಲದಿದ್ದರೆ ಹಳೆಯದು ಎದ್ದಾಗ ಐಪಿ ಮತ್ತೆ ಅತ್ತ ಹಾರಿ ಎಲ್ಲರ ವೆಬ್‌ಸಾಕೆಟ್ ಎರಡನೇ ಸಲ ಕಡಿಯುತ್ತದೆ. ಆದರೆ ನೋಪ್ರೀಎಂಪ್ಟ್ ಇದ್ದಾಗ ಸ್ಕ್ರಿಪ್ಟ್‌ಗೆ ವೇಯ್ಟ್ ಕೊಟ್ಟು ಪ್ರಯಾರಿಟಿ ಇಳಿಸಿದರೆ ಇನ್ನೊಂದು ಎತ್ತಿಕೊಳ್ಳುವುದಿಲ್ಲ. ವೇಯ್ಟ್ ಬಿಟ್ಟುಬಿಡಿ, ಸ್ಕ್ರಿಪ್ಟ್ ಸೋತರೆ ಸೀದಾ ಫಾಲ್ಟ್ ಸ್ಥಿತಿಗೆ ಹೋಗಲಿ.

ಕ್ಲೌಡ್‌ನಲ್ಲಿ ಮಾಡುತ್ತಿದ್ದರೆ ಎಚ್ಚರ: ಅಲ್ಲಿ ಮಲ್ಟಿಕಾಸ್ಟ್ (ಒಂದೇ ಸಲ ಗುಂಪಿಗೆಲ್ಲ ಕಳಿಸುವ ಪ್ಯಾಕೆಟ್) ಸಾಮಾನ್ಯವಾಗಿ ದಾಟುವುದಿಲ್ಲ. ಎರಡೂ ತಾವೇ ಮಾಸ್ಟರ್ ಅಂದುಕೊಳ್ಳುತ್ತವೆ. ಯೂನಿಕಾಸ್ಟ್ (ನೇರ ಒಂದಕ್ಕೇ ಕಳಿಸುವ) ಪೀರ್ ಬರೆಯಿರಿ, ಐಪಿ ಸರಿಸುವುದನ್ನು ಆ ಕ್ಲೌಡ್‌ನ ಎಪಿಐ ಕರೆಯುವ ಸ್ಕ್ರಿಪ್ಟ್‌ಗೆ ಬಿಡಿ.

ಪ್ಯಾಕೆಟ್‌ಪಾಲಕ:

ಟರ್ನ್ ಬಗ್ಗೆ: ಎರಡು ಕೋಟರ್ನ್ (ಟರ್ನ್ ಸರ್ವರ್ ತಂತ್ರಾಂಶ) ಇಟ್ಟು ಎರಡರ ವಿಳಾಸವನ್ನೂ ಕ್ಲೈಂಟ್‌ಗೆ ಕೊಡಿ, ಐಸ್ ತಾನೇ ಆರಿಸಿಕೊಳ್ಳುತ್ತದೆ. ಲೋಡ್ ಬ್ಯಾಲೆನ್ಸರ್ ಬೇಕಿಲ್ಲ. ಸ್ಟ್ಯಾಟಿಕ್ ಆಥ್ ಸೀಕ್ರೆಟ್ ಎರಡರಲ್ಲೂ, ಎರಡು ಪ್ರೊಸೊಡಿಗಳಲ್ಲೂ ಒಂದೇ ಇರಬೇಕು. ಆ ಸೀಕ್ರೆಟ್‌ನಿಂದ ಹುಟ್ಟುವ ಪಾಸ್‌ವರ್ಡ್‌ಗೆ ಅವಧಿ ಇರುತ್ತದೆ, ಗಡಿಯಾರ ತಪ್ಪಿದ ಮಷೀನು ಒಳ್ಳೆಯ ಪಾಸ್‌ವರ್ಡನ್ನೂ ತಿರಸ್ಕರಿಸಿಬಿಡುತ್ತದೆ. ಎಲ್ಲ ಕಡೆ ಎನ್‌ಟಿಪಿ (ಗಡಿಯಾರ ಸರಿಹೊಂದಿಸುವುದು) ಕಡ್ಡಾಯ.

ಪರೀಕ್ಷೆ ಮಾಡುವಾಗ ಬ್ರಿಜ್ ಪ್ರೊಸೆಸ್ ಕೊಂದು ನೋಡಿ ‘ಆಯಿತು’ ಅನ್ನಬೇಡಿ. ಪ್ರೊಸೆಸ್ ಸತ್ತರೆ ಕರ್ನೆಲ್ ಟಿಸಿಪಿ ಸಂಪರ್ಕವನ್ನು ತಾನೇ ಮುಚ್ಚುತ್ತದೆ, ಪ್ರೊಸೊಡಿಗೆ ಆ ಕ್ಷಣವೇ ಗೊತ್ತಾಗುತ್ತದೆ. ನಿಜವಾದ ಅಪಘಾತದಲ್ಲಿ ವಿದ್ಯುತ್ ಹೋಗುತ್ತದೆ ಅಥವಾ ಸ್ವಿಚ್ ಪೋರ್ಟ್ ಸಾಯುತ್ತದೆ, ಆಗ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಆದ್ದರಿಂದ ಫೈರ್‌ವಾಲ್‌ನಲ್ಲಿ ಬ್ರಿಜ್‌ನ ಎಲ್ಲ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಡ್ರಾಪ್ ಮಾಡಿ, ಗಡಿಯಾರ ಹಿಡಿದು ನೋಡಿ. ಬ್ರೌಸರ್ ತಾನಾಗಿ ಕಾದರೆ ಐಸ್‌ನ ಒಪ್ಪಿಗೆ ಅವಧಿ 30 ಸೆಕೆಂಡು ಹಿಡಿಯುತ್ತದೆ (ಆರ್‌ಎಫ್‌ಸಿ 7675). ಜಿಕೊಫೊದ ಹೆಲ್ತ್ ಚೆಕ್ ಅದಕ್ಕಿಂತ ಮುಂಚೆ ಎಚ್ಚರಗೊಳ್ಳುವಂತೆ ಅದರ ಅಂತರವನ್ನು ಹೊಂದಿಸಿ.

ಬ್ರಿಜ್‌ಕಾವಲು:

ಅಪ್‌ಗ್ರೇಡ್‌ಗೆ ಶಾರ್ಡ್ ಇಳಿಸುವಾಗ ಎಚ್‌ಎಪ್ರಾಕ್ಸಿ ಸಾಕೆಟ್‌ನಲ್ಲಿ ಅದನ್ನು ‘ಡ್ರೇನ್’ ಮಾಡಿ, ‘ಮೇಂಟ್’ ಬೇಡ. ಡ್ರೇನ್‌ನಲ್ಲಿ ಹೊಸ ರೂಮು ಅತ್ತ ಹೋಗುವುದಿಲ್ಲ, ಆದರೆ ನಡೆಯುತ್ತಿರುವ ರೂಮಿಗೆ ತಡವಾಗಿ ಬಂದವರು ಸ್ಟಿಕ್ ಟೇಬಲ್ ಹಿಡಿದು ಅಲ್ಲಿಗೇ ಹೋಗುತ್ತಾರೆ. ಮೇಂಟ್ ಮಾಡಿದರೆ ಅವರು ಬೇರೆ ಶಾರ್ಡ್‌ಗೆ ಬಿದ್ದು ರೂಮು ಒಡೆಯುತ್ತದೆ. ಬ್ರಿಜ್‌ಗಳಿಗೆ ಗ್ರೇಸ್‌ಫುಲ್ ಶಟ್‌ಡೌನ್ ಸ್ಕ್ರಿಪ್ಟ್ ಪ್ಯಾಕೇಜಿನಲ್ಲೇ ಇದೆ, ಕೊನೆಯ ಸಭೆ ಮುಗಿದ ಮೇಲೆ ತಾನೇ ನಿಲ್ಲುತ್ತದೆ.

ರೆಕಾರ್ಡಿಂಗ್ ಬೇಕಿದ್ದರೆ ಜಿಬ್ರಿ (ಜಿಟ್ಸಿಯ ರೆಕಾರ್ಡರ್) ಒಂದಕ್ಕೆ ಒಂದು ಹೊತ್ತಿಗೆ ಒಂದೇ ಸಭೆ. ಮೂರು ಸಭೆ ಒಟ್ಟಿಗೆ ರೆಕಾರ್ಡ್ ಆಗಬೇಕೆಂದರೆ ಮೂರು ಜಿಬ್ರಿ, ಮೇಲೊಂದು ಹೆಚ್ಚುವರಿ. ಅದನ್ನು ಬ್ರಿಜ್ ಮಷೀನಿನಲ್ಲಿ ಕೂರಿಸಲೇಬೇಡಿ. ಒಳಗೆ ಕ್ರೋಮ್ ಮತ್ತು ಎಫ್‌ಎಫ್‌ಎಂಪೆಗ್ ಓಡುವುದರಿಂದ ಸಿಪಿಯು ತಿಂದುಹಾಕಿ, ಅದೇ ಸಭೆಯ ಧ್ವನಿಯನ್ನು ತುಂಡುತುಂಡು ಮಾಡುತ್ತದೆ.